ಕುಟುಂಬದವರೊಂದಿಗೆ ಸಮಾಲೋಚನೆ

ಆ ದಿನ ಬೆಳಿಗ್ಗೆ ಹಿಮ ಬೀಳುತ್ತಿರಲಿಲ್ಲ, ನೆಲದ ಮೇಲೆ ಹರಿಯುತ್ತಿತ್ತು. ಹಿಂದಿನ ವಾರ ಬಿದ್ದದ್ದನ್ನೇ ಗಾಳಿ ಹೊಲಗಳಿಂದ ಎತ್ತಿಕೊಂಡು ಬಂದು, ಮೊಣಕಾಲೆತ್ತರದ ಬಿಳಿ ಹೊಗೆಯ ಹಾಗೆ ಸೋಲ್ಬಾಕ್ ಊರಿಗೆ ಇರುವ ಒಂದೇ ದೊಡ್ಡ ಬೀದಿಯಲ್ಲಿ ಅಟ್ಟಾಡಿಸುತ್ತಿತ್ತು. ಅದರ ಮೇಲೆ ಆಕಾಶ ಮಾತ್ರ ತೊಳೆದಿಟ್ಟಷ್ಟು ಶುಭ್ರ. ಉಸಿರು ಮೀಸೆಯ ಮೇಲೆ ಹೆಪ್ಪುಗಟ್ಟುವಂಥ ಚಳಿಯಲ್ಲಿ ಮಾತ್ರ ಕಾಣುವ ಹಾಗೆ, ಸೂರ್ಯನ ಎರಡೂ ಪಕ್ಕದಲ್ಲಿ ಒಂದೊಂದು ಹುಸಿ ಸೂರ್ಯ ಮೂಡಿತ್ತು. ಮೂರರಲ್ಲಿ ನಿಜವಾದದ್ದು ಯಾವುದೆಂದು ಕಣ್ಣಿಗೆ ಗೊತ್ತಿದ್ದರೂ ಮನಸ್ಸು ಒಂದು ಗಳಿಗೆ ತಡವರಿಸುತ್ತಿತ್ತು.

ಮಾರ್ಲಿಸ್ ಅಡುಗೆಮನೆಯ ಕಿಟಕಿಯ ಬಳಿ ನಿಂತು ಗಂಡನ ಬಿಳಿ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಳು. ಹತ್ತು ಗಂಟೆಗೆ ಚರ್ಚಿನಲ್ಲಿ ಒಂದು ಶವಸಂಸ್ಕಾರವಿತ್ತು. ಕೆಳಗಡೆ, ಊರಿನ ಶವಸಂಸ್ಕಾರಗಳನ್ನು ನಡೆಸಿಕೊಡುವ ಕಸುಬಿನ ಗಂಡ ಆರಿನ್ ಶವದ ಗಾಡಿಯ ಎಂಜಿನ್ನನ್ನು ಕೆಮ್ಮಿಸುತ್ತ, ಸಮಾಧಾನಪಡಿಸುತ್ತ ಇದ್ದದ್ದು ಕೇಳುತ್ತಿತ್ತು. ಮೇಜಿನ ಮೇಲೆ ರಾಜ್ಯದ ರಾಜಧಾನಿ ಬಿಸ್ಮಾರ್ಕಿನ ಹೋದ ವಾರದ ಪತ್ರಿಕೆ ಬಿದ್ದಿತ್ತು. ಅದನ್ನು ಅವಳು ಮೂರು ಸಲ ಓದಿ ಮಡಚಿಟ್ಟಿದ್ದಳು. ಈಗ ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿ ನಾಲ್ಕನೇ ಸಲ ಬಿಡಿಸಿದಳು.

ನಾರ್ತ್ ಡಕೋಟಾದ ಹಿರಿಯ ಸೆನೆಟರ್, ಮೂವತ್ತಾರು ವರ್ಷ ವಾಷಿಂಗ್ಟನ್ನಿನಲ್ಲಿ ಕುಳಿತ ಮುದುಕ, ಇನ್ನು ಸಾಕು, ಮತ್ತೆ ನಿಲ್ಲುವುದಿಲ್ಲ ಎಂದು ಹೇಳಿ ಒಂಬತ್ತು ದಿನವಾಗಿತ್ತು. ಅಂದಿನಿಂದ ತೆರವಾಗುವ ಆ ಕುರ್ಚಿಗೆ ಯಾರು ಯಾರು ಎಂಬ ಊಹೆಯೇ ಊಹೆ. ಆ ಮರುದಿನವೇ ಪತ್ರಿಕೆ ನಾಲ್ಕು ಹೆಸರು ಕೊಟ್ಟಿತ್ತು. ಮೂರನೆಯದು, ಇಪ್ಪತ್ತು ವರ್ಷದಿಂದ ರಾಜ್ಯದ ಶಾಸಕನಾಗಿರುವ ಆರಿನ್ ಲೊಕ್ಕೆನ್. ಹೆಸರಿನ ಕೆಳಗೆ ಒಂದೇ ಸಾಲು: ‘ಕುಟುಂಬದವರೊಂದಿಗೆ ಸಮಾಲೋಚನೆ ನಡೆಸುತ್ತಿದ್ದಾರೆ.’

ಕುಟುಂಬದವರು ಎಂದರೆ ಯಾರು? ಅವರಿಗೆ ಮಕ್ಕಳಾಗಿರಲಿಲ್ಲ. ಆ ಮನೆಯಲ್ಲಿ ಇದ್ದವರೇ ಮೂವರು: ಆರಿನ್, ಅವನ ತಾಯಿ ಥೋರಾ, ಮತ್ತು ತಾನು. ಪತ್ರಿಕೆ ಬಂದ ಮೇಲಿನ ಎಂಟು ದಿನದಲ್ಲಿ ಗಂಡ ತನ್ನೊಂದಿಗೆ ಆಡಿದ ಮಾತುಗಳನ್ನು ಮಾರ್ಲಿಸ್ ಎಣಿಸಬಲ್ಲಳಾಗಿದ್ದಳು. ಉಪ್ಪು ಕೊಡು. ಗಾಳಿ ಎದ್ದಿದೆ. ಪಾದ್ರಿ ಫೋನು ಮಾಡಿದ್ರಾ? ಅದರಲ್ಲಿ ಸಮಾಲೋಚನೆ ಎಂಬುದು ಎಲ್ಲಿತ್ತು...

ಅವಳು ಮುನಿಸಿನ ಹೆಂಗಸಲ್ಲ. ಕೆಳಗೆ ಸತ್ತವರು, ಮೇಲೆ ಬದುಕಿರುವವರು ಎಂಬಂಥ ಆ ಮನೆಗೆ ಮದುವೆಯಾಗಿ ಬಂದು ಮೂವತ್ತೊಂದು ಚಳಿಗಾಲ ಕಳೆದಿದ್ದಳು. ಮನೆಯಲ್ಲಿ ಜೋರಾಗಿ ನಗಬಾರದು, ಕೆಳಗೆ ಯಾರೋ ಅಳುತ್ತಿರುತ್ತಾರೆ. ಮೀನು ಹುರಿಯಬಾರದು, ವಾಸನೆ ಇಳಿಯುತ್ತದೆ. ಫೋನು ಯಾವ ಹೊತ್ತಿಗೆ ಬಡಿದುಕೊಂಡರೂ ಎತ್ತಬೇಕು, ಎತ್ತಿದವರು ಮೆತ್ತಗೆ ಮಾತಾಡಬೇಕು. ಎರಡು ವರ್ಷಕ್ಕೊಮ್ಮೆ ಆರಿನ್ ಶಾಸನಸಭೆಗೆಂದು ಬಿಸ್ಮಾರ್ಕಿಗೆ ಹೋದರೆ ಜನವರಿಯಿಂದ ಏಪ್ರಿಲ್‌ವರೆಗೆ ಸತ್ತವರ ಮನೆಯವರ ಕೈ ಹಿಡಿಯುವವಳು, ಹೆಪ್ಪುಗಟ್ಟಿದ ನೆಲ ಕರಗಿ ಗುಂಡಿ ತೋಡುವ ತನಕ ಕಾಯಿರಿ ಎಂದು ಅವರಿಗೆ ಹೇಳುವವಳು ಅವಳೇ. ದೇವರು ಒಪ್ಪಿಸಿದ ಕೆಲಸ ಎಂದುಕೊಂಡು ಮಾಡಿದ್ದಳು. ಆದರೆ ದೇವರು ಒಪ್ಪಿಸಿದ ಕೆಲಸಕ್ಕೂ ಮೊಣಕಾಲು ನೋಯುತ್ತದೆ. ಕಳೆದ ಸುಗ್ಗಿಯಲ್ಲಿ ಆರಿನ್ ತಾನಾಗಿಯೇ ಹೇಳಿದ್ದ. ಇದೇ ಕೊನೆಯ ಅವಧಿ, ವ್ಯವಹಾರವನ್ನು ಪಕ್ಕದ ಊರಿನವನಿಗೆ ಬಿಟ್ಟು ಕೆರೆಯ ದಂಡೆಯಲ್ಲಿ ಒಂದು ಪುಟ್ಟ ಮನೆ ನೋಡೋಣ ಎಂದು. ಆ ಮನೆಯ ಅಡುಗೆಕೋಣೆಗೆ ಬಳಿಯಬೇಕಾದ ಹಳದಿ ಬಣ್ಣದ ಮಾದರಿ ಚೀಟಿಯೊಂದು ಅವಳ ಪ್ರಾರ್ಥನೆಯ ಪುಸ್ತಕದಲ್ಲಿತ್ತು. ಸೆನೆಟರ್ ಎಂದರೆ ಇನ್ನೂ ಆರು ವರ್ಷ. ಆರು ವರ್ಷವಾದ ಮೇಲೆ ಮತ್ತೆ ಆರು. ಆ ಹಳದಿ ಚೀಟಿ ಬಿಳಿಚಿಕೊಳ್ಳುವಷ್ಟು ಕಾಲ.

ಅಂಗಿಯನ್ನು ಕುರ್ಚಿಯ ಬೆನ್ನಿಗೆ ಹಾಕಿ ಅವಳು ಓವನ್ನಿನಿಂದ ಆಲೂಗಡ್ಡೆ-ಮಾಂಸದ ಗಾಜಿನ ಪಾತ್ರೆಯನ್ನು ಹೊರತೆಗೆದಳು.

ಶವಸಂಸ್ಕಾರ ಮುಗಿದ ಮೇಲಿನ ಊಟ ಚರ್ಚಿನ ನೆಲಮಾಳಿಗೆಯಲ್ಲಿ. ಊರಿನ ಪ್ರತಿ ಮನೆಯಿಂದ ಒಂದು ಪಾತ್ರೆ ಬಂದಿತ್ತು. ಯಾವ ಪಾತ್ರೆ ಯಾವ ಮನೆಗೆ ಮರಳಬೇಕೆಂದು ತಿಳಿಯಲು ಎಲ್ಲರೂ ತಳಕ್ಕೆ ಟೇಪು ಅಂಟಿಸಿ ಹೆಸರು ಬರೆದಿರುತ್ತಾರೆ. ಊಟವಾದ ಮೇಲೆ ಮಾರ್ಲಿಸ್ ಪಾತ್ರೆ ತೊಳೆಯಲು ನಿಂತಾಗ ಪಕ್ಕದಲ್ಲಿ ಒರೆಸಲು ನಿಂತವಳು ಆರ್ಡಿಸ್, ಎಪ್ಪತ್ತು ದಾಟಿದ, ಬಾಯಿಗೆ ಬೀಗವಿಲ್ಲದ ನೆರೆಯವಳು.

“ಏನೇ ಮಾರ್ಲಿಸ್, ನೀವು ವಾಷಿಂಗ್ಟನ್ನಿಗೆ ಹೊರಟ್ರೆ ನಮ್ಮನ್ನೆಲ್ಲ ಮಣ್ಣು ಮಾಡೋರು ಯಾರು? ನಾನಂತೂ ನೀವು ವಾಪಸ್ ಬರೋವರ್ಗೂ ಸಾಯಲ್ಲ ಬಿಡು.”

“ನೀನು ಹೇಗಿದ್ರೂ ಸಾಯಲ್ಲ ಆರ್ಡಿಸ್.”

“ಆದ್ರೂ ಅವನು ಗೆಲ್ಲೋದು ಕಷ್ಟ ಕಣೇ. ಓಟು ಹಾಕೋರಲ್ಲಿ ಅರ್ಧ ಜನಾನ ಅವನೇ ತಗೊಂಡೋಗಿ ಮಣ್ಣಲ್ಲಿಟ್ಟಿದಾನೆ.”

ಹಿಂದೆ ಕಾಫಿ ಸುರಿಯುತ್ತಿದ್ದ ಹೆಂಗಸರು ನಕ್ಕರು. ಆರ್ಡಿಸ್ ದನಿ ತಗ್ಗಿಸಿ ಹತ್ತಿರ ಬಂದಳು. “ನಿನ್ನ ಜೊತೆ ಮಾತಾಡ್ತಿದಾನೆ ಅಂತ ಪೇಪರಲ್ಲಿ ಹಾಕಿದಾರೆ. ನೀನೇನಂದೆ?”

“ಇನ್ನೂ... ಮಾತಾಡ್ತಾ ಇದೀವಿ,” ಎಂದಳು ಮಾರ್ಲಿಸ್. ದೇವರ ಮನೆಯಲ್ಲಿ ನಿಂತು ಹೇಳಿದ ಸುಳ್ಳು ಅದು. ತನ್ನ ಪಾತ್ರೆಯನ್ನು ಮಗುಚಿ ಉಜ್ಜಿದಳು. ತಳದ ಟೇಪಿನ ಮೇಲೆ ಗಟ್ಟಿ ಅಕ್ಷರದಲ್ಲಿ ‘ಥೋರಾ ಲೊಕ್ಕೆನ್’ ಎಂದಿತ್ತು.

ಆ ಪಾತ್ರೆ ಥೋರಾಳದ್ದಲ್ಲ, ಮಾರ್ಲಿಸಳ ತಾಯಿಯದು. ಮದುವೆಯಾದ ವರ್ಷವೇ ತಾಯಿ ತೀರಿಕೊಂಡಾಗ ತವರಿನಿಂದ ಅವಳು ತಂದದ್ದು ಅದೊಂದನ್ನೇ. ತಾಯಿ ಟೇಪನ್ನು ನಂಬುತ್ತಿರಲಿಲ್ಲ. ಕೆಂಪು ಉಗುರುಬಣ್ಣದಲ್ಲಿ ತಳಕ್ಕೆ ‘ಅಲ್ಮಾ’ ಎಂದು ಬರೆದಿದ್ದಳು. ಮೊದಲ ಭಾನುವಾರವೇ ಅತ್ತೆ ಅದರ ಮೇಲೆ ತನ್ನ ಟೇಪು ಒತ್ತಿ, “ಈ ಮನೆಯಿಂದ ಆಚೆ ಹೋಗೋದು ಏನಿದ್ರೂ ಲೊಕ್ಕೆನ್ ಹೆಸರಲ್ಲೇ ಹೋಗ್ಬೇಕು ಕಣಮ್ಮ,” ಎಂದಿದ್ದಳು. ಟೇಪು ಸವೆದಾಗಲೆಲ್ಲ ಮೇಲೊಂದು ಹೊಸದು. ಮೂವತ್ತೊಂದು ವರ್ಷ ಮಾರ್ಲಿಸ್ ಮಾಡಿದ ಅಡುಗೆಯನ್ನು ಜನ ಹೊಗಳಿದ್ದೆಲ್ಲ ಅತ್ತೆಗೆ ಸಂದಿತ್ತು. ಅದನ್ನು ಅವಳು ಎಂದೂ ಬಾಯಿಬಿಟ್ಟು ಹೇಳಿರಲಿಲ್ಲ. ಆ ಸೀಮೆಯಲ್ಲಿ ಇಂಥದ್ದನ್ನು ಯಾರೂ ಹೇಳುವುದಿಲ್ಲ. ಒಳಗಿಟ್ಟುಕೊಂಡು, ಮೇಲೆ ಕಾಫಿ ಕುಡಿಯುತ್ತಾರೆ.

ಮನೆಗೆ ಬಂದಾಗ ಮೂರು ಗಂಟೆ. ಎಂಬತ್ತೇಳರ ಥೋರಾ ಊರುಗೋಲನ್ನು ಮೇಜಿಗೆ ಒರಗಿಸಿ, ಪತ್ರಿಕೆಯ ಪಟ್ಟಿಯನ್ನು ಕತ್ತರಿಸಿ ಎದುರಿಗಿಟ್ಟುಕೊಂಡು ಪೆನ್ಸಿಲ್ ಹಿಡಿದು ಕುಳಿತಿದ್ದಳು. ಆರಿನ್ ಟೈ ಸಡಿಲಿಸಿ ಕಾಫಿಗೆ ಕೂತ.

“ಕೇಳೋ ಇಲ್ಲಿ,” ಎಂದಳು ಮುದುಕಿ. “ಬಿಸ್ಮಾರ್ಕಿನ ವಕೀಲ ಬರಲ್ಲ, ಅವನಿಗೆ ಜಡ್ಜ್ ಆಗೋ ಆಸೆ. ತೈಲದ ಬಾವಿಯವನು ಬರ್ತಾನೆ, ಆದ್ರೆ ಒಂದು ಚಳಿಗಾಲಾನೂ ಇಲ್ಲಿ ಕಳೆಯಲ್ಲ, ಅರಿಜೋನಾ ಬಿಸಿಲಿಗೆ ಹೋಗಿ ಹೊಟ್ಟೆ ಕಾಯಿಸ್ಕೋತಾನೆ. ಅದನ್ನ ಜನ ಮರೆಯಲ್ಲ. ಆ ಟೀವಿ ಹೆಂಗಸಿಗೆ ಹಲ್ಲು ಜಾಸ್ತಿ. ಉಳಿದಿದ್ದು ನೀನೇ.”

“ಅಮ್ಮ, ಕಾಫಿ ಆರತ್ತೆ,” ಎಂದ ಆರಿನ್. ಬೇಡ ಎನ್ನಲಿಲ್ಲ, ಹೌದು ಎನ್ನಲಿಲ್ಲ. ಕಿವಿ ಮಾತ್ರ ಕೆಂಪಗಾಗಿದ್ದನ್ನು ಮಾರ್ಲಿಸ್ ಕಂಡಳು. ಅವನಿಗೆ ಆಸೆಯಿತ್ತು. ಐವತ್ತೆಂಟರ ಗಂಡಸಿಗೆ ಪತ್ರಿಕೆಯಲ್ಲಿ ತನ್ನ ಹೆಸರು ಕಂಡಾಗ ಹುಟ್ಟುವ ಸಣ್ಣ ಆಸೆ. ಅದನ್ನು ಕಂಡೇ ಅವಳಿಗೆ ಇನ್ನಷ್ಟು ದಣಿವಾಯಿತು.

ಫೋನು ಬಡಿದುಕೊಂಡಿತು. ಎಂದಿನಂತೆ ಅವಳೇ ಎತ್ತಿದಳು.

“ಮಿಸೆಸ್ ಲೊಕ್ಕೆನ್?” ಪತ್ರಿಕೆಯ ಹುಡುಗಿಯ ದನಿ. “ಹೋದ ವಾರ ಮಾತಾಡಿದ್ದಕ್ಕೆ ತುಂಬಾ ಥ್ಯಾಂಕ್ಸ್. ಮನೆಯವರೆಲ್ಲ ಒಟ್ಟಿಗೆ ಇದೀವಿ ಅಂದ್ರಲ್ಲ, ಅದನ್ನ ನಾಳೆ ಹಾಕ್ಲಾ ಅಂತ ಕೇಳೋಣ ಅಂತ...”

“ನಾನು ನಿಮ್ಮ ಜೊತೆ ಮಾತಾಡೇ ಇಲ್ವಲ್ಲಮ್ಮ.”

ಆ ಕಡೆ ಹಾಳೆ ತಿರುವಿದ ಸದ್ದು. “ಮಿಸೆಸ್ ಲೊಕ್ಕೆನ್ ಅಂತಾನೇ ಹೇಳಿದ್ರು.”

“ಈ ಮನೇಲಿ ಇಬ್ರಿದೀವಿ,” ಎಂದಳು ಮಾರ್ಲಿಸ್ ಮೆತ್ತಗೆ. “ಅರ್ಧ ಗಂಟೆ ಬಿಟ್ಟು ಮಾಡಿ.”

ಫೋನಿಟ್ಟು ಬಂದು ಕುರ್ಚಿ ಎಳೆದು ಕೂತಳು. ಕೂತ ರೀತಿಗೆ ಆರಿನ್ ತಲೆಯೆತ್ತಿದ.

“ಕುಟುಂಬದವರ ಜೊತೆ ಮಾತಾಡ್ತಾ ಇದೀಯಂತೆ. ಯಾವ ಕುಟುಂಬ ಆರಿನ್?”

“ಅದು... ನೀನೇ ಹೇಳಿದ್ದಲ್ವಾ?” ಅವನ ಮುಖದಲ್ಲಿ ನಿಜವಾದ ಗಲಿಬಿಲಿ. “ಪೇಪರಲ್ಲಿ ನೋಡ್ದೆ. ಫೋನೆತ್ತೋಳು ನೀನು ತಾನೇ, ನೀನೇ ಹೇಳಿರ್ತೀಯ ಅಂದ್ಕೊಂಡೆ. ಹಾಗಾದ್ರೆ ಇವಳಿಗೂ ಒಪ್ಪಿಗೆ ಇರ್ಬಹುದು, ಇವಳೇ ಮೊದಲು ಮಾತೆತ್ತಲಿ ಅಂತ ಕಾಯ್ತಾ ಇದ್ದೆ.”

“ನೀನು ಹೇಳಿದೀಯ ಅಂತ ನಾನು ಕಾಯ್ತಾ ಇದ್ದೆ.”

“ಎಂಟು ದಿನಾನಾ?”

“ಎಂಟು ದಿನ.”

ಒಬ್ಬರ ಬಾಯಿಗೆ ಇನ್ನೊಬ್ಬರು ಕಾದು ಕಳೆದ ಎಂಟು ದಿನ... ಇಬ್ಬರೂ ಒಟ್ಟಿಗೆ ಥೋರಾಳತ್ತ ತಿರುಗಿದರು. ಮುದುಕಿ ಚಮಚವನ್ನು ಬಟ್ಟಲಲ್ಲಿ ಮೂರು ಸುತ್ತು ತಿರುಗಿಸಿ ತಟ್ಟೆಯ ಮೇಲಿಟ್ಟಳು.

“ನಾನೇ ಹೇಳ್ದೆ. ನೀವಿಬ್ರೂ ಚರ್ಚಲ್ಲಿದ್ರಿ, ಫೋನು ಬಂತು. ಯಾಕೆ, ನಾನು ಕುಟುಂಬ ಅಲ್ವಾ?”

“ನನ್ನ ಬಾಳಿನ ಆರು ವರ್ಷ ಅತ್ತೆ ಅದು,” ಎಂದಳು ಮಾರ್ಲಿಸ್. “ನನ್ನನ್ನ ಒಂದು ಮಾತು ಕೇಳ್ಬಾರ್ದಿತ್ತಾ?”

“ಕೇಳಿದ್ರೆ ನೀನು ಬೇಡ ಅಂತಿದ್ದೆ.” ಥೋರಾಳ ದನಿಯಲ್ಲಿ ಎಂದಿನ ಬಿರುಸು ಇತ್ತು, ಆದರೆ ಎಲ್ಲೋ ತಳದಲ್ಲಿ ಬಿರುಕು ಬಿಟ್ಟಿತ್ತು. “ಹೆಂಡ್ತೀರನ್ನ ಕೇಳಿದ್ರೆ ಬೇಡ ಅಂತಾರೆ. ನಾನೂ ಅಂದೆ.”

ಹೊರಗೆ ಹಿಮ ಗೋಡೆಗೆ ಉಜ್ಜಿಕೊಂಡು ಹೋಗುವ ಸದ್ದು.

“ಇದೇ ಸೆನೆಟರ್ ಕುರ್ಚಿ ಕಣೋ. ಮೂವತ್ತಾರು ವರ್ಷದ ಹಿಂದೆ, ನೀನು ಕಾಲೇಜಲ್ಲಿದ್ದೆ. ನಿಮ್ಮಪ್ಪನ ಹೆಸರು ಪೇಪರಲ್ಲಿ ಎರಡನೇದಾಗಿ ಬಂದಿತ್ತು. ಥೋರಾ, ಹೋಗೋಣ್ವಾ ಅಂತ ಕೇಳಿದ್ರು. ಅಲ್ಲಿನ ದೊಡ್ಡೋರ ಹೆಂಡ್ತೀರ ಮಧ್ಯೆ ನಾನು ಈ ಹಳ್ಳಿ ನಾಲಿಗೆ ಇಟ್ಕೊಂಡು ಕೂರ್ಬೇಕಲ್ಲಾ ಅಂತ ಹೆದರಿಕೆ ಆಯ್ತು. ಬೇಡ ಅಂದೆ. ಅವರು ಒಂದು ಮಾತೂ ಆಡ್ಲಿಲ್ಲ. ಪೇಪರಿನವ್ರು ಬರೆದ್ರು, ಮನೆಯವರ ಕಾರಣಕ್ಕೆ ಎಲ್ಮರ್ ಲೊಕ್ಕೆನ್ ಹಿಂದೆ ಸರಿದರು ಅಂತ. ಮನೆಯವರ ಕಾರಣಕ್ಕೆ... ಊರಿಗೆ ಊರೇ ಓದ್ತು. ಆಮೇಲೆ ಆರು ವರ್ಷಕ್ಕೊಂದ್ಸಲ ಚುನಾವಣೆ ದಿನ ಅವರು ಒಳ್ಳೇ ಕೋಟು ಹಾಕ್ಕೊಂಡು ಹೋಗಿ, ಈಗ ಬಿಡ್ತಿರೋ ಆ ಇನ್ನೊಬ್ಬನ ಹೆಸರಿಗೆ ಗುರುತು ಹಾಕಿ ಬಂದು, ಕೋಟು ಗೂಟಕ್ಕೆ ಹಾಕಿ, ಆಯ್ತು ಅಂತಿದ್ರು. ಅಷ್ಟೇ. ಸಾಯೋವರ್ಗೂ ಅಷ್ಟೇ. ಬೈದಿದ್ರೆ ನಾನು ಅತ್ತು ಮುಗಿಸ್ತಿದ್ದೆ...”

ಮುದುಕಿಯ ಗದ್ದ ಅದುರಿತು. ಮಾರ್ಲಿಸ್ ಅವಳನ್ನು ಮೂವತ್ತೊಂದು ವರ್ಷದಲ್ಲಿ ಎಂದೂ ಹಾಗೆ ಕಂಡಿರಲಿಲ್ಲ. ಗಂಡನ ಶವಪೆಟ್ಟಿಗೆಯ ಮುಂದೆಯೂ ಅವಳು ಅತ್ತಿರಲಿಲ್ಲ. ಎದೆಯಲ್ಲಿ ಇಷ್ಟು ವರ್ಷ ಹೆಪ್ಪುಗಟ್ಟಿದ್ದ ಸಿಟ್ಟನ್ನು ಮಾರ್ಲಿಸ್ ಹುಡುಕಿದಳು. ಸಿಟ್ಟು ಇತ್ತು. ಅದರ ಪಕ್ಕದಲ್ಲೇ, ದೇವರು ತಂದು ಕೂರಿಸಿದ ಹಾಗೆ, ಭಯವೂ ಇತ್ತು. ಈಗ ತಾನು ಬೇಡ ಎಂದರೆ ಇನ್ನು ಮೂವತ್ತು ವರ್ಷಕ್ಕೆ ಈ ಕುರ್ಚಿಯಲ್ಲಿ ಹೀಗೆ ಚಮಚ ತಿರುಗಿಸುತ್ತ ಕೂರುವವಳು ತಾನೇ.

ಆರಿನ್ ಅವಳತ್ತ ನೋಡಿದ. “ನೀನು ಹೇಳು ಮಾರ್ಲಿಸ್. ನೀನು ಬೇಡ ಅಂದ್ರೆ ನಾನು ನಿಲ್ಲಲ್ಲ.”

“ಇಲ್ಲ. ಅದನ್ನ ನನ್ನ ತಲೆಗೆ ಕಟ್ಬೇಡ.” ಅವಳ ದನಿ ಏರಲಿಲ್ಲ. ಆ ಮನೆಯಲ್ಲಿ ದನಿ ಏರಿಸುವುದೇ ಅವಳಿಗೆ ಮರೆತುಹೋಗಿತ್ತು. “ನನಗೆ ದಣಿವಾಗಿದೆ. ಅದು ನಿಜ, ಅದನ್ನ ಹೇಳ್ತೀನಿ. ಕೆರೆ ದಂಡೆ ಮನೆ ಮಾತು ನೀನು ಕೊಟ್ಟಿದ್ದೆ, ಅದೂ ನಿಜ. ಇಷ್ಟೂ ತಿಳ್ಕೊಂಡು ನೀನೇ ಯೋಚನೆ ಮಾಡು. ಹೋಗ್ತೀಯಾ, ನಿನಗೆ ಬೇಕು ಅಂತ ಹೋಗು, ನಾನು ಈ ಫೋನು ಎತ್ತಿಕೊಂಡು ಇಲ್ಲೇ ಇರ್ತೀನಿ. ಹೋಗಲ್ವಾ, ನಿನಗೆ ಬೇಡ ಅಂತ ಇರು. ನನ್ನ ಹೆಸರು ಹಾಕ್ಬೇಡ ಅದಕ್ಕೆ. ನಿನ್ನಮ್ಮ ಹೊತ್ತಿದ್ದನ್ನ ನಾನು ಹೊರಲ್ಲ.”

ಆರಿನ್ ಬಹಳ ಹೊತ್ತು ತನ್ನ ಅಂಗೈಗಳನ್ನು ನೋಡಿಕೊಂಡು ಕೂತ. ಆ ಊರಿನ ಅಪ್ಪಂದಿರ, ಅಮ್ಮಂದಿರ ಕಣ್ಣೆವೆ ಮುಚ್ಚಿಸಿದ ಕೈಗಳು ಅವು. ಫೋನು ಮತ್ತೆ ಬಡಿದುಕೊಂಡಿತು. ಮಾರ್ಲಿಸ್ ಅಭ್ಯಾಸಬಲದಿಂದ ಎದ್ದಳು. ಅವನು ಕೈಯಡ್ಡ ಹಿಡಿದು ತಾನೇ ಹೋಗಿ ಎತ್ತಿದ.

“ಹೌದಮ್ಮ, ನಾನೇ... ಇಲ್ಲ, ನಿಲ್ತಾ ಇಲ್ಲ... ಅಲ್ಲ, ಹಾಗೆ ಬರೀಬೇಡಿ. ಮನೆಯವರ ಕಾರಣಕ್ಕೆ ಅಂತ ಬರೀಬೇಡಿ. ಮನೆಯವರು ಬೇಡ ಅನ್ಲಿಲ್ಲ... ನನಗೇ ಬೇಡ. ನನ್ನ ಹೆಸರು ನೋಡಿ ಸಂತೋಷ ಆಯ್ತು, ಅದು ನಿಜ. ಆದ್ರೆ ಅಷ್ಟಕ್ಕೇ ಹೊಟ್ಟೆ ತುಂಬ್ತು. ಹೀಗೇ ಬರೀರಿ. ಬರ್ಕೊಂಡ್ರಾ? ಓದಿ, ಕೇಳ್ತೀನಿ.”

ಆ ಹುಡುಗಿ ಓದಿದ್ದನ್ನು ಅವನು ಕೊನೆಯ ಪದದವರೆಗೂ ಕೇಳಿಸಿಕೊಂಡ. ಅದರಲ್ಲಿ ಎಷ್ಟು ನಿಜ, ಎಷ್ಟು ಹೆಂಡತಿಗಾಗಿ ಹೇಳಿದ್ದು ಎಂದು ಮಾರ್ಲಿಸ್ ಕೇಳಲಿಲ್ಲ. ಕೇಳುವ ಅಗತ್ಯ ಬೀಳದ ಹಾಗೆ ಅವನು ಹೇಳಿದ್ದ. ಫೋನಿಟ್ಟು, ಕೋಟು ತೊಟ್ಟು, ಮೆಟ್ಟಿಲಲ್ಲಿ ನಿಂತು, “ನೆಲ ಕರಗ್ಲಿ. ಕೆರೆ ಕಡೆ ಹೋಗಿ ಬರೋಣ,” ಎಂದು ಹೇಳಿ, ಸಂಜೆಯ ಚಳಿಗೆ ಮುನ್ನ ಗಾಡಿಯನ್ನು ಒಳಗೆ ಹಾಕಲು ಇಳಿದುಹೋದ.

ಥೋರಾ ಪಟ್ಟಿಯ ಮೇಲೆ ಪೆನ್ಸಿಲ್ ಹಿಡಿದೇ ಕೂತಿದ್ದಳು. ಮೂರನೇ ಹೆಸರಿನ ಮೇಲೆ ನಿಧಾನವಾಗಿ ಗೆರೆ ಎಳೆದಳು. ಆಮೇಲೆ ಊರುಗೋಲು ಹುಡುಕಿ ಎದ್ದು, ಚರ್ಚಿನಿಂದ ಬಂದ ಪಾತ್ರೆಯನ್ನು ಸಿಂಕಿನ ಪಕ್ಕದಿಂದ ತಂದು ಮಡಿಲಲ್ಲಿ ಮಗುಚಿಟ್ಟುಕೊಂಡು ಕೂತಳು. ಆಲೂಗಡ್ಡೆ ಸುಲಿಯುವ ಚಾಕು ತೆಗೆದುಕೊಂಡು ಟೇಪಿನ ತುದಿ ಎಬ್ಬಿಸತೊಡಗಿದಳು. ಪದರದ ಮೇಲೆ ಪದರ. ಗಂಟುಬಿದ್ದ ಬೆರಳುಗಳು, ಹಿಡಿದದ್ದು ಜಾರುತ್ತಿತ್ತು. ಮಾರ್ಲಿಸ್ ನೆರವಿಗೆ ಹೋಗಲಿಲ್ಲ. ಒಲೆಯ ಬಳಿ ನಿಂತು ನೋಡಿದಳು. ಉಳಿದ ಅಂಟನ್ನು ಮುದುಕಿ ಸ್ವಲ್ಪ ಬೆಣ್ಣೆ ಸವರಿ ಏಪ್ರನ್ನಿನ ಅಂಚಿನಿಂದ ಒರೆಸಿದಳು. ಅಡಿಯಲ್ಲಿ ಅಕ್ಷರಗಳು ಇನ್ನೂ ಕೆಂಪಗಿದ್ದವು.

ಥೋರಾ ಪಾತ್ರೆಯನ್ನು ಎರಡೂ ಕೈಯಲ್ಲಿ ಎತ್ತಿ ಸೊಸೆಯ ಕಡೆ ಚಾಚಿದಳು.

“ಅಲ್ಮಾದು ಇದು,” ಎಂದಳು. “ತಗೋ.”