ಮೇಷ್ಟ್ರ ಬಾಗಿಲಿಗೆ ಕರಿ ಬಣ್ಣ

"ಅಕ್ಕಾ, ಬೇಗ ಬನ್ನಿ! ನಮ್ಮ ಬಾಗಿಲಿಗೆ ಏನ್ ಮಾಡಿಟ್ಟಿದ್ದಾರೆ ನೋಡಿ!"

ಮೂರನೇ ಮಹಡಿಯ ಮೇಷ್ಟ್ರ ಹೆಂಡತಿ ಮೆಟ್ಟಿಲ ಮೇಲಿಂದಲೇ ಕೂಗಿಕೊಂಡಾಗ ಅಕ್ಕ ಮಧ್ಯಾಹ್ನದ ಊಟ ಮುಗಿಸಿ ಕನ್ನಡಕ ಒರೆಸುತ್ತಿದ್ದಳು. ಬೆಂಕಿ ಬಿದ್ದ ಅಂಗಡಿ, ನೀರು ನುಗ್ಗಿದ ಗೋದಾಮುಗಳನ್ನು ವಿಮಾ ಕಂಪನಿಯ ಪರವಾಗಿ ಪರೀಕ್ಷಿಸುತ್ತಲೇ ತಲೆ ನರೆತವಳು ಅವಳು. ನಿವೃತ್ತಿಯಾದ ಮೇಲೆ ಆ ಕಟ್ಟಡದ ಕಳ್ಳತನ, ಜಗಳ, ಕಾಣೆಯಾದ ಬೆಕ್ಕು ಎಲ್ಲವೂ ಅವಳ ಪಾಲಿಗೇ ಬಂದಿದ್ದವು. ಅವಳ ಹಿಂದೆ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತುವುದು ಜೊತೆಗಿದ್ದ ತಮ್ಮನ ಪಾಲು. ಅಷ್ಟು ಹತ್ತುವಷ್ಟರಲ್ಲಿ ಅವನ ಜೀವ ಬಾಯಿಗೆ ಬಂದಿತ್ತು.

ಬಾಗಿಲ ತುಂಬ ಕರಿ ಬಣ್ಣ. ಅದು ಕೆಳಗಿಳಿದು ಹೊಸ್ತಿಲ ಬಳಿ ಮಡುಗಟ್ಟಿತ್ತು. ಸದಾ ಬಾಗಿಲ ಪಕ್ಕದಲ್ಲಿರುತ್ತಿದ್ದ ಮೇಷ್ಟ್ರ ಬೂಟುಗಳು ಮೇಲಿನ ಮೆಟ್ಟಿಲ ಮೇಲೆ ಜೋಡಿಯಾಗಿ ಕೂತಿದ್ದವು. ಅವುಗಳ ಮೇಲೆ ಒಂದು ಹನಿಯೂ ಬಿದ್ದಿರಲಿಲ್ಲ.

"ಅಡುಗೆಮನೆ ಹಿಂಬಾಗಿಲಿಂದ ಬನ್ನಿ, ಇಲ್ಲಿ ತುಳಿದ್ರೆ ಮನೆಯೆಲ್ಲ ಹರಡತ್ತೆ" ಎಂದು ಆಕೆ ಇಬ್ಬರನ್ನೂ ಸುತ್ತಿಸಿ ಕರೆದೊಯ್ದರು.

ಒಳಗೆ ಮೇಷ್ಟ್ರು ಕೆಂಡವಾಗಿದ್ದರು. ಎದುರು ಮನೆಯ ನರ್ಸಮ್ಮ ತನ್ನ ಎರಡು ಕೋಣೆಗಳನ್ನು ಪ್ರವಾಸಿಗರಿಗೆ ದಿನದ ಬಾಡಿಗೆಗೆ ಕೊಡುತ್ತಿದ್ದಳು. ಅವರ ಸೂಟ್‌ಕೇಸ್ ಚಕ್ರಗಳು ಮೆಟ್ಟಿಲ ಮೇಲೆ ಗಡಗಡ ಎಂದರೆ ಸಾಕು, ಮೇಷ್ಟ್ರು ಬಾಗಿಲು ತೆರೆದು "ಇದು ಮನೆಯಾ, ಬಸ್‌ಸ್ಟ್ಯಾಂಡಾ?" ಎಂದು ಗುಡುಗುತ್ತಿದ್ದರು. ಕೊನೆಗೆ ಕೋರ್ಟಿಗೂ ಹೋದರು. ಕೇಸು ಹಾಕಿದ ಮೇಲೆ ಮೇಷ್ಟ್ರಿಗೆ ಪ್ರಾಯ ಮರಳಿದೆ ಎಂದು ಕಟ್ಟಡದವರು ನಗುತ್ತಿದ್ದರು. ನರ್ಸಮ್ಮನಿಗೆ ಓಡಾಡಿ ಸಾಕಾಗಿತ್ತು. ಇನ್ನು ಯಾರನ್ನೂ ಇರಿಸಿಕೊಳ್ಳುವುದಿಲ್ಲವೆಂದು ಒಪ್ಪಿದ್ದಳು. ನಾಳೆ ರಾಜಿಗೆ ಸಹಿ ಹಾಕಬೇಕಿತ್ತು.

"ರಾಜಿಯಂತೆ ರಾಜಿ! ಪೊಲೀಸ್ ಕಂಪ್ಲೇಂಟ್ ಕೊಟ್ಟು ಇವಳ ಕೆಲಸಾನೇ ಕಳೀತೀನಿ!" ಎಂದರು ಮೇಷ್ಟ್ರು. ಹೆಂಡತಿ ಬೂಟು ತಂದು, ನೆಲಕ್ಕೆ ಕೂತು, ಗಂಡನ ಕಾಲಿಗೆ ಹಾಕಿ ಲೇಸು ಕಟ್ಟಿದರು. ಬೆನ್ನಿಗೆ ಬೆಲ್ಟ್ ಬಿಗಿದಿದ್ದ ಮೇಷ್ಟ್ರಿಗೆ ಬಗ್ಗಲು ಆಗುತ್ತಿರಲಿಲ್ಲ.

ಅಕ್ಕ ಮುಂಬಾಗಿಲ ಒಳಬದಿ ನೋಡುತ್ತಿದ್ದಳು. ಬಾಗಿಲ ಕೆಳಗಿನ ಸಂದಿಗೆ ಹಳೇ ಟವೆಲ್ ಒತ್ತಿ ತುರುಕಿದ್ದರು. ಈಚೆ ಬದಿಯ ನೆಲ ಫಳಫಳ ಹೊಳೆಯುತ್ತಿತ್ತು.

"ಸಂಜೆ ನಮ್ಮನೆಗೆ ಬಂದು ಹೋಗಿ ಮೇಷ್ಟ್ರೇ" ಎಂದಳು. "ಆಮೇಲೆ ಕಂಪ್ಲೇಂಟ್ ಕೊಡಿ."

ಸಂಜೆ ಎಲ್ಲರೂ ಸೇರಿದರು. ನರ್ಸಮ್ಮನ ಕಣ್ಣು ಅತ್ತು ಊದಿತ್ತು. "ಕೊನೇ ಅತಿಥಿಗಳು ಬೆಳಗ್ಗೇನೇ ಹೋದ್ರು. ನಾನು ಡ್ಯೂಟೀಲಿದ್ದೆ. ಎಲ್ಲಾ ಬಿಟ್ಟುಕೊಟ್ಟ ಮೇಲೆ ನಾನ್ಯಾಕೆ ಬಣ್ಣ ಎರಚ್ಲಿ?"

"ನೀನಲ್ಲಮ್ಮ" ಎಂದಳು ಅಕ್ಕ. "ಸಿಟ್ಟಲ್ಲಿ ಎರಚೋರು ಬೂಟನ್ನ ಜೋಪಾನವಾಗಿ ಎತ್ತಿಡಲ್ಲ. ಅಂದ್ರೆ ಬೂಟು ಬೇಕಾದವರೇ ಮಾಡಿದ್ದು. ಬಣ್ಣ ಬಿದ್ದ ಮೇಲೆ ಟವೆಲ್ ತುರುಕಿದ್ರೆ ಒಂದಿಷ್ಟಾದ್ರೂ ಒಳಗೆ ಹರಿದಿರಬೇಕಿತ್ತು. ಹರಿದಿಲ್ಲ. ಮೊದಲೇ ಒಳಗಿಂದ ಸಂದಿ ಮುಚ್ಚಿ, ಹಿಂಬಾಗಿಲಿಂದ ಸುತ್ತಿ ಬಂದು ಎರಚಿದ್ದಾರೆ. ಬಾಗಿಲು ಹಾಳಾದ್ರೂ ಚಿಂತೆಯಿಲ್ಲ, ದಿನಾ ಒರೆಸೋ ನೆಲ ಹಾಳಾಗೋದು ಆ ಕೈಗೆ ತಡೀಲಿಲ್ಲ. ಮನೇಲಿರೋರು ಇಬ್ಬರೇ. ಮೇಷ್ಟ್ರಿಗೆ ಬಗ್ಗೋಕಾಗಲ್ಲ."

ಮೇಷ್ಟ್ರು ನಿಧಾನವಾಗಿ ಹೆಂಡತಿಯ ಕಡೆ ತಿರುಗಿದರು. "ನೀನಾ?"

ಆಕೆ ಅಕ್ಕನನ್ನೇ ನೋಡುತ್ತಾ ಹೇಳಿದರು: "ಮಗ ತೀರಿಹೋದ ಮೇಲೆ ಇವರು ಗೋಡೆ ಕಡೆ ತಿರುಗಿ ಮಲಗಿಬಿಟ್ರು ಅಕ್ಕ. ಊಟ ಇಲ್ಲ, ಮಾತಿಲ್ಲ. ಆ ಸೂಟ್‌ಕೇಸ್ ಗಡಗಡ ಕೇಳಿದ ದಿನ ಎದ್ದು ಹೋಗಿ ಬೈದ್ರು. ಅವತ್ತು ಎರಡು ಹೊತ್ತೂ ಊಟ ಮಾಡಿದ್ರು. ಕೇಸು ಹಾಕಿದ ಮೇಲೆ ಗಡ್ಡ ಬೋಳಿಸ್ಕೊಂಡ್ರು, ಬೂಟು ತಾ ಅಂದ್ರು. ನಾಳೆ ರಾಜಿ ಆಗಿಬಿಟ್ರೆ ನಾಡಿದ್ದು ಯಾವುದಕ್ಕೆ ಏಳ್ತಾರೆ ಹೇಳಿ?"

ಮೇಷ್ಟ್ರು ಗೋಡೆ ಹಿಡಿದು ಎದ್ದರು. "ನಾಳೆ ಸಹಿ ಹಾಕ್ತೀನಿ" ಎಂದಷ್ಟೇ ಅಂದು ಹೊರಟರು.

ಎಲ್ಲರೂ ಹೋದ ಮೇಲೆ ತಮ್ಮನಿಗೆ ತಡೆಯಲಾಗಲಿಲ್ಲ. "ಮೇಷ್ಟ್ರ ಮುಂದೇನೇ ಹೇಳ್ಬೇಕಿತ್ತಾ ಅಕ್ಕ?"

"ಇಲ್ದಿದ್ರೆ ಆ ನರ್ಸ್ ಹುಡುಗಿ ಪೊಲೀಸರ ಮುಂದೆ ನಿಲ್ತಿದ್ಳು ಕಣೋ" ಎಂದಳು ಅಕ್ಕ. ಅವಳ ದನಿಯಲ್ಲಿ ಗೆದ್ದ ಸಂತೋಷ ಇರಲಿಲ್ಲ. ಅಕ್ಕ ಸೋತಿದ್ದರೇ ಚೆನ್ನಾಗಿತ್ತು ಎಂದು ತಮ್ಮನಿಗೆ ಮೊದಲ ಸಲ ಅನಿಸಿತು.

ರಾಜಿಯಾದ ಮೇಲೆ ಮೇಷ್ಟ್ರು ಹೊರಗೆ ಕಾಣಿಸಿರಲಿಲ್ಲ. ಕೆಲವು ದಿನ ಕಳೆದಿರಬೇಕು. ಮೆಟ್ಟಿಲ ಮೇಲೆ ಗಡಗಡ ಸದ್ದು ಕೇಳಿ ತಮ್ಮ ಮೇಲಕ್ಕೆ ಓಡಿದ, ಈ ಸಲ ಏದುಸಿರಿನ ಪರಿವೆಯೂ ಇಲ್ಲದೆ. ನರ್ಸಮ್ಮ ಒಬ್ಬಳೇ ಒಂದು ಖಾಲಿ ಸೂಟ್‌ಕೇಸನ್ನು ಮೆಟ್ಟಿಲ ಮೇಲೆ ಕುಟ್ಟುತ್ತಾ ಹತ್ತಿಸುತ್ತಿದ್ದಳು, ಮತ್ತೆ ಇಳಿಸುತ್ತಿದ್ದಳು. ಕಣ್ಣೀರು ಸುರಿಯುತ್ತಿತ್ತು.

"ಬೈಯಿರಿ ಮೇಷ್ಟ್ರೇ" ಎಂದು ಕೂಗಿದಳು. "ಇದು ಮನೆಯಾ, ಬಸ್‌ಸ್ಟ್ಯಾಂಡಾ, ಕೇಳಿ!"

ಬಾಗಿಲು ತೆರೆಯಿತು. ಹೊಸ್ತಿಲಲ್ಲಿ ನಿಂತಿದ್ದವರು ಮೇಷ್ಟ್ರ ಹೆಂಡತಿ.

"ಇನ್ನೊಂದು ಸಲ ಎಳಿಯಮ್ಮ" ಎಂದರು. "ಸ್ವಲ್ಪ ಜೋರಾಗಿ."