ಹಿಂದಿನ ಸೀಟಿನ ದನಿ

ಮೇಷ್ಟ್ರ ಕಾರು ನೀಲಿ ಹೊಗೆ ಬಿಡುತ್ತಾ ಬಂದಿತೆಂದರೆ ಗ್ಯಾರೇಜಿನ ಒಡತಿಗೆ ಕೈಯಲ್ಲಿದ್ದ ಕೆಲಸ ಮರೆತೇ ಹೋಗುತ್ತಿತ್ತು. ಹೊಗೆ ನೋಡಿಯೇ ಇಂಜಿನ್ನಿನ ಜಾತಕ ಹೇಳುವವಳು ಅವಳು. ಕಪ್ಪಾದರೆ ಪೆಟ್ರೋಲ್ ಜಾಸ್ತಿ, ಬಿಳಿಯಾದರೆ ರೇಡಿಯೇಟರ್ ನೀರು ಒಳಗೆ ಸೇರಿದೆ, ನೀಲಿಯಾದರೆ ಆಯಿಲ್ ಉರಿಯುತ್ತಿದೆ. ಮೇಷ್ಟ್ರ ಮನಸ್ಸು ಮಾತ್ರ ಅವಳ ಲೆಕ್ಕಕ್ಕೆ ಸಿಕ್ಕಿರಲಿಲ್ಲ.

"ಪಿಸ್ಟನ್ ರಿಂಗ್ ಸವೆದಿದೆ. ಇವತ್ತಾದ್ರೂ ಗಾಡಿ ಬಿಟ್ಟು ಹೋಗಿ ಮೇಷ್ಟ್ರೇ."

"ರಿಪೇರಿ ಆಗ್ಬಿಟ್ರೆ ಇಲ್ಲಿಗೆ ಬರೋಕೆ ನೆಪ ಏನು ಹೇಳಿ?"

ಅವಳ ಕೆನ್ನೆ ಬಿಸಿಯಾಯಿತು. ಅಷ್ಟರಲ್ಲಿ ಅವರ ನೋಟ ಅವಳನ್ನು ಬಿಟ್ಟು ಕಾರಿನ ಹಿಂದಿನ ಸೀಟಿಗೆ ಹೋಯಿತು. ಅಲ್ಲಿ ಯಾರೂ ಇರಲಿಲ್ಲ.

ಅಂಥ ಸೆಕೆಯಲ್ಲೂ ಕಿಟಕಿಗಳೆಲ್ಲ ಮುಚ್ಚಿದ್ದವು. ಒಂದನ್ನು ಇಳಿಸಹೋದವಳ ಕೈಯನ್ನು ಅವರು ತಟ್ಟನೆ ಹಿಡಿದರು.

"ತೆಗೀಬೇಡಿ. ಅವಳ ದನಿ ಹೊರಟೋಗತ್ತೆ."

"ಯಾರ ದನಿ?"

"ತೀರಿಕೊಂಡ್ಲಲ್ಲ, ನನ್ನ ಹೆಂಡ್ತಿ. ಗಾಡಿ ಸ್ವಲ್ಪ ದೂರ ಓಡಿದ್ಮೇಲೆ ಹಿಂದೆ ಕೂತು ಏನೋ ಹೇಳ್ತಾಳೆ. ಸರಿಯಾಗಿ ಕೇಳಿಸಲ್ಲ. ಆಮೇಲೆ ತಲೆ ಸಿಡಿಯತ್ತೆ."

ತಲೆನೋವಿನ ಮಾತು ಬಂದದ್ದೇ ಅವಳಿಗೆ ಅನುಮಾನ ಹುಟ್ಟಿತು. ಇಂಜಿನ್ ಚಾಲೂ ಮಾಡಿ, ಒದ್ದೆ ಬಟ್ಟೆಯಿಂದ ಸೈಲೆನ್ಸರಿನ ಬಾಯಿ ಒತ್ತಿ ಹಿಡಿದಳು. ಹೊಗೆ ಪೈಪು ಎಲ್ಲೂ ತೂತಾಗದೆ ಗಟ್ಟಿಯಿದ್ದರೆ ಇಂಜಿನ್ ಉಸಿರುಗಟ್ಟಿ ನಿಲ್ಲಬೇಕು. ನಿಲ್ಲಲಿಲ್ಲ. ಹಿಂದಿನ ಸೀಟಿನ ಅಡಿಯಿಂದ ನೀಲಿ ಹೊಗೆ ಮೆಲ್ಲಗೆ ಎದ್ದು, ಯಾರೋ ಬಂದು ಕೂತ ಹಾಗೆ ಸೀಟಿನ ಮೇಲೆ ನೆಲೆಸಿತು.

"ಪೈಪ್ ತೂತಾಗಿದೆ. ವಿಷದ ಗಾಳಿ ಒಳಗೇ ಬರ್ತಿದೆ. ಹೀಗೇ ಓಡಿಸಿದ್ರೆ ಜೀವಕ್ಕೇ ಸಂಚಕಾರ."

"ತೂತು ಮುಚ್ಚಿದ್ರೆ ಅವಳು ಬರಲ್ಲ ಅಲ್ವಾ? ಹಾಗಾದ್ರೆ ಬೇಡ."

ಅವರು ಹೊರಡಲು ಸಿದ್ಧರಾದರು. ಇಂಜಿನ್ ಇನ್ನೂ ಓಡುತ್ತಿರುವಾಗಲೇ ಅವಳು ಹಿಂದಿನ ಸೀಟಿಗೆ ಹತ್ತಿ ಬಾಗಿಲು ಎಳೆದುಕೊಂಡಳು. ಹೊಟ್ಟೆಕಿಚ್ಚೋ ಹುಚ್ಚೋ, ಅವಳಿಗೇ ತಿಳಿಯದು. ಗಂಟಲು ಉರಿಯಿತು, ಕಣ್ಣು ಮಂಜಾಯಿತು. ಆಗ ಕಿವಿಯ ಪಕ್ಕದಲ್ಲೇ ಒಂದು ಹೆಣ್ಣು ದನಿ, ಹೇಳಿ ಹೇಳಿ ಬೇಸತ್ತ ದನಿ, ಮಾತಾಡಿತು.

ಮೇಷ್ಟ್ರು ಗಾಬರಿಯಿಂದ ಅವಳನ್ನು ಹೊರಗೆಳೆದರು. "ಕೇಳಿಸ್ತಾ? ಏನಂದ್ಲು?"

"'ಕಿಟಕಿ ತೆಗೀರಿ ನಿದ್ದೆರಾಯರೇ' ಅಂದ್ರು."

ಅವರ ಮುಖ ಬಿಳಿಚಿಕೊಂಡಿತು. "ಆ ಹೆಸರು... ಅವಳನ್ನ ಬಿಟ್ಟು ಯಾರಿಗೂ ಗೊತ್ತಿಲ್ಲ."

"ನೀವು ಬದುಕಿರೋದು ಅವರಿಗೆ ಬೇಕಾಗಿದೆ," ಎಂದಳು ಅವಳು, ಇನ್ನೂ ಕೆಮ್ಮುತ್ತಾ. "ನಂಗೂ ಬೇಕು. ನೀವಂದ್ರೆ ನಂಗೆ ಪ್ರಾಣ."

ಮೇಷ್ಟ್ರು ಕೈ ಚಾಚಿ ಇಂಜಿನ್ ನಿಲ್ಲಿಸಿದರು. ಆಮೇಲೆ ಕಾರನ್ನು ಸುತ್ತುತ್ತಾ ಕಿಟಕಿಗಳನ್ನು ಒಂದೊಂದಾಗಿ ಇಳಿಸಿದರು. ಹಿಂದಿನ ಸೀಟಿನ ಪಕ್ಕದ್ದನ್ನು ಇಳಿಸುವಾಗ ಅತ್ತರು. ಹೊಗೆ ಅವರ ಮುಖ ಸವರಿಕೊಂಡು ಹೊರಗೆ ಹೋಯಿತು.

"ತೂತು ಮುಚ್ಚಿ," ಎಂದರು. "ನಾನು ಇಲ್ಲೇ ನಿಮ್ಮ ಹತ್ರ ಕೂತಿರ್ತೀನಿ."