ಪೆಟ್ಟಿಗೆಯಲ್ಲಿ ರೈಫಲ್ ಇರಲಿಲ್ಲ

ಜೂನ್ 11, ಮಂಗಳವಾರ. ಬೆಳಿಗ್ಗೆ 9:40ಕ್ಕೆ ಎಸೇಸಾ ವಿಮಾನ ನಿಲ್ದಾಣದ ಪೊಲೀಸ್ ಠಾಣೆಗೆ ದೂರು ಬಂದಿತು. ಬಂದಿತು ಎನ್ನುವುದಕ್ಕಿಂತ ನುಗ್ಗಿತು ಎನ್ನಬೇಕು. ದೂರುದಾರ ದೊನ್ ಹೊರಾಸಿಯೊ ಬೆಂಗೊಲಾ, ವಯಸ್ಸು 58, ಲಾ ಪಂಪಾ ಪ್ರಾಂತದಲ್ಲಿ ಹನ್ನೊಂದು ಸಾವಿರ ಹೆಕ್ಟೇರ್ ಜಮೀನಿನ ಒಡೆಯ. ಹೊಚ್ಚಹೊಸ ಬೇಟೆ ಅಂಗಿಯ ಕಾಲರಿನಲ್ಲಿ ಅಂಗಡಿಯ ಚೀಟಿ ಇನ್ನೂ ನೇತಾಡುತ್ತಿತ್ತು. ಟ್ರಾಲಿ ತಳ್ಳುವ ಒಬ್ಬ ಹಮಾಲಿಯನ್ನು ತೋಳು ಹಿಡಿದು ಎಳೆದುಕೊಂಡೇ ಬಂದಿದ್ದ.

"ನನ್ನ ರೈಫಲ್ ಹೊಡ್ಕೊಂಡಿದಾನೆ ಈ ಭಿಕಾರಿ. ಮೊದ್ಲು ಒಳಗೆ ಹಾಕ್ರಿ, ಆಮೇಲೆ ಬರ್ಕೊಳಿ."

ಇನ್ಸ್‌ಪೆಕ್ಟರ್ ಗ್ರಿಸೆಲ್ಡಾ ಮಾನ್ಸಿಯಾ ಕುರ್ಚಿಯಿಂದ ಏಳಲಿಲ್ಲ.

"ಅವರ ಕೈ ಬಿಡಿ. ಕೂತ್ಕೊಳಿ. ಏನಾಯ್ತು?"

ಆದದ್ದಿಷ್ಟು. ದೊನ್ ಹೊರಾಸಿಯೊ ಐವರು ಸ್ನೇಹಿತರೊಂದಿಗೆ ನಮೀಬಿಯಾಕ್ಕೆ ಬೇಟೆಗೆ ಹೊರಟಿದ್ದ. ವಿಮಾನ ಮಧ್ಯಾಹ್ನ 1:05ಕ್ಕೆ. ಬಂದೂಕು ಒಯ್ಯುವವರು ಪೆಟ್ಟಿಗೆಯನ್ನು ಕೌಂಟರಿನಲ್ಲಿ ತೆರೆದು, ರಫ್ತು ಪರವಾನಗಿಯಲ್ಲಿರುವ ನಂಬರಿಗೂ ಬಂದೂಕಿನ ಮೇಲಿನ ನಂಬರಿಗೂ ತಾಳೆ ನೋಡಿಸಬೇಕು. ದೊನ್ ಕೊರಳ ಸರದಿಂದ ಕೀಲಿ ತೆಗೆದು ಎರಡೂ ಬೀಗ ಬಿಚ್ಚಿದ. ಒಳಗೆ ಕುರಿಚರ್ಮದಲ್ಲಿ ಸುತ್ತಿದ ಕಬ್ಬಿಣದ ಸಲಾಕೆ ಇತ್ತು. ಸ್ನೇಹಿತರು ಮೊದಲು ನಕ್ಕರು. ಆಮೇಲೆ ತಮ್ಮ ತಮ್ಮ ಪೆಟ್ಟಿಗೆ ಎತ್ತಿಕೊಂಡು ಒಳಗೆ ಹೋದರು.

ಇಬ್ಬರು ಪಂಚರ ಸಮ್ಮುಖದಲ್ಲಿ ಪಂಚನಾಮೆ 10:15ಕ್ಕೆ ಶುರುವಾಯಿತು. ಕಾನ್‌ಸ್ಟೆಬಲ್ ಒಲ್ಮೆದೊ ಬರೆದುಕೊಳ್ಳುತ್ತ ಹೋದ. ಬೀಗಗಳಿಗೆ ಗೀರೂ ಬಿದ್ದಿಲ್ಲ. ಸಲಾಕೆ ನೀರೆತ್ತುವ ಗಾಳಿಯಂತ್ರದ್ದು, ತೂಕ ನಾಲ್ಕು ಕಿಲೋ ಇನ್ನೂರು ಗ್ರಾಂ; ದುರ್ಬೀನು ಸಮೇತ ರೈಫಲಿನ ತೂಕವೂ ಅಷ್ಟೇ. ಸಲಾಕೆಯ ಅಳತೆಗೆ ಸರಿಯಾಗಿ ಸ್ಪಂಜನ್ನು ಕೊರೆದು ಕೂರಿಸಲಾಗಿದೆ. ತೋಟಾಗಳು ಕಂಪನಿಯ ಡಬ್ಬಿಯಲ್ಲೇ ಇವೆ, ಬೇರೆ ಪೆಟ್ಟಿಗೆಯಲ್ಲಿ, ಐದು ಕಿಲೋ ಮೀರಿಲ್ಲ. ಚಾಕುಗಳು ಕೈಚೀಲದಲ್ಲಿಲ್ಲ, ದೊಡ್ಡ ಚೀಲದಲ್ಲಿವೆ. ಬೂಟಿನ ಅಟ್ಟೆಯಲ್ಲಿ ಮಣ್ಣಿನ ಕಣವಿಲ್ಲ. ಪರದೇಶದ ತಪಾಸಣೆಯವರು ತಕರಾರು ಮಾಡದಿರಲೆಂದು ಯಾರೋ ಕೂತು ಉಜ್ಜಿ ತೊಳೆದಿದ್ದರು.

"ಮೇಡಂ, ಕಳ್ಳ ಇಷ್ಟು ಚೆನ್ನಾಗಿ ಪ್ಯಾಕ್ ಮಾಡ್ತಾನಾ?" ಒಲ್ಮೆದೊ ಕೇಳಿದ.

ಮಾನ್ಸಿಯಾ ಮುಚ್ಚಳದ ಒಳಜೇಬಿಗೆ ಕೈಹಾಕಿದಳು. ಸಾಮಾನಿನ ಪಟ್ಟಿ ಸಿಕ್ಕಿತು. ಪೆನ್ಸಿಲಿನಲ್ಲಿ, ದುಂಡಗಿನ ಅಕ್ಷರದಲ್ಲಿ ಇಪ್ಪತ್ತಮೂರು ಸಾಲು. ಮೊದಲ ಸಾಲು: 'ಕಬ್ಬಿಣದ ಸಲಾಕೆ, ಒಂದು, 4 ಕಿಲೋ 200.' ಕೊನೆಯಲ್ಲಿ ಶಾಯಿಯ ದೊಡ್ಡ ಸಹಿ.

"ಈ ಸಹಿ ಯಾರ್ದು?"

"ನಂದು."

"ಓದಿ ಹಾಕಿದ್ರಾ?"

"ಆಳು ಬರೆದಿದ್ದನ್ನೆಲ್ಲಾ ಕೂತ್ಕೊಂಡು ಓದ್ಲಾ ನಾನು?"

"ಈಗ ಓದಿ."

ಅವನು ಓದಿದ. ಕಿವಿ ಕೆಂಪಾಯಿತು. ಪಂಚರಲ್ಲೊಬ್ಬ ಕೆಮ್ಮಿದಂತೆ ಮಾಡಿ ಕಿಟಕಿಯ ಕಡೆ ತಿರುಗಿದ. ಹಮಾಲಿಯ ಹೇಳಿಕೆ ಪಡೆದು 11:20ಕ್ಕೆ ಕಳುಹಿಸಲಾಯಿತು. ದೊನ್ ಅವನಿಗೆ ತಪ್ಪಾಯಿತೆನ್ನುವುದಿರಲಿ, ತಿರುಗಿಯೂ ನೋಡಲಿಲ್ಲ.

"ಪ್ಯಾಕ್ ಮಾಡಿದ್ದು ಯಾರು?"

"ನಿಕನೋರ್ ಕನ್ಯುಮಿಲ್. ನಮ್ಮ ಜಮೀನಲ್ಲಿ ಬೇಟೆ ದಾರಿ ತೋರ್ಸೋನು. ಇಪ್ಪತ್ತೊಂದು ವರ್ಷದಿಂದ ಬಿದ್ದಿದಾನೆ."

"ನೀವೇ ಯಾಕೆ ಪ್ಯಾಕ್ ಮಾಡ್ಲಿಲ್ಲ?"

"ಅದು ಆಳಿನ ಕೆಲ್ಸ. ಬೀಗ ಮಾತ್ರ ನಾನು ಹಾಕ್ದೆ."

"ರೈಫಲ್ ಬಿಚ್ಚೋಕೆ ಬರುತ್ತಾ ನಿಮ್ಗೆ?"

ದೊನ್ ಗಡಿಯಾರ ನೋಡಿಕೊಂಡ.

"ಅವ್ನ ಜೊತೆ ಏನಾದ್ರೂ ಜಗಳ ಆಗಿತ್ತಾ?"

"ಜಗಳ ಆಡೋಕೂ ಒಂದು ಸರಿಸಮ ಬೇಕಮ್ಮಾ. ಅವ್ನು ಯಾರು?"

ಮಧ್ಯಾಹ್ನ 12:30ಕ್ಕೆ FIR ದಾಖಲಾಯಿತು. 1:05ರ ವಿಮಾನ ಹಾರಿತು. ದೊನ್ ತನ್ನ ವಕೀಲನಿಗೆ ಫೋನ್ ಮಾಡುತ್ತ ಹೊರಗೆ ಹೋದ.

ಮರುದಿನ ನಸುಕಿಗೇ ಹೊರಟ ಮಾನ್ಸಿಯಾ ಮತ್ತು ಒಲ್ಮೆದೊ ಮಧ್ಯಾಹ್ನ 2:10ಕ್ಕೆ ಜಮೀನು ಮುಟ್ಟಿದರು. ಅಲ್ಲಿ ಜೂನ್ ಎಂದರೆ ಚಳಿಗಾಲ; ಹೊಲದ ಅಂಚಿನ ಹುಲ್ಲಿನಲ್ಲಿ, ನೆರಳಿದ್ದಲ್ಲಿ, ಹಿಮ ಇನ್ನೂ ಕರಗಿರಲಿಲ್ಲ. ದೊಡ್ಡಮನೆಯ ಹಜಾರದ ಗೋಡೆಯಲ್ಲಿ ಮೂವತ್ತೇಳು ಕೆಂಪು ಜಿಂಕೆಗಳ ತಲೆಗಳು ಕೊಂಬು ಚಾಚಿಕೊಂಡು ನೋಡುತ್ತಿದ್ದವು. ಪ್ರತಿಯೊಂದರ ಕೆಳಗೆ ಹಿತ್ತಾಳೆ ಫಲಕ, ಫಲಕದಲ್ಲಿ ದೊನ್ ಹೊರಾಸಿಯೊನ ಹೆಸರು.

ನಿಕನೋರ್ ಕುದುರೆ ಜೀನು ಇಡುವ ಕೊಟ್ಟಿಗೆಯಲ್ಲಿ ಮಾಟೆ ಎಲೆಯ ಬಿಸಿ ಕಷಾಯ ಹೀರುತ್ತ ಕೂತಿದ್ದ. ಐವತ್ತರ ಮೇಲಿನ ಸಣಕಲು ಆಸಾಮಿ. ಪೊಲೀಸರನ್ನು ಕಂಡು ಎದ್ದು ಟೋಪಿ ತೆಗೆದ.

"ಬನ್ನಿ ಅಮ್ಮಾ. ನಿನ್ನೇನೇ ಬರ್ತೀರ ಅನ್ಕೊಂಡಿದ್ದೆ. ಮಾಟೆ ತಗೊಳಿ, ಚಳಿ ಐತೆ."

"ರೈಫಲ್ ಎಲ್ಲಿ?"

ಮೇಲಿನ ಅಟ್ಟದಿಂದ ಇಳಿಸಿ ತಂದುಕೊಟ್ಟ. ಗ್ರೀಸು ಹಚ್ಚಿ, ಬಟ್ಟೆ ಸುತ್ತಿ ಇಟ್ಟಿದ್ದ. ಒಲ್ಮೆದೊ ನಂಬರ್ ತಾಳೆ ನೋಡಿದ, ಸರಿಹೊಂದಿತು. ಸಮಯ 2:35.

"ಮಾರೋಕೆ ಇಟ್ಕೊಂಡಿದ್ಯಾ?"

"ಛೇ, ಮಾರೋದಾ? ಅದ್ರದ್ದೇನೂ ತಪ್ಪಿಲ್ಲಮ್ಮಾ, ಒಳ್ಳೆ ರೈಫಲ್."

"ಪಟ್ಟೀಲಿ ಸಲಾಕೆ ಅಂತ ಯಾಕೆ ಬರೆದೆ?"

"ಸಲಾಕೆ ಹಾಕಿದ್ನಲ್ಲ, ಅದ್ಕೆ. ಧಣಿ ಒಂದ್ಸಲ ಓದಿದ್ರೆ ಸಾಕಿತ್ತು, ಅಲ್ಲೇ ರೈಫಲ್ ಹಾಕ್ಕೊಡ್ತಿದ್ದೆ. ಓದ್ಲಿಲ್ಲ. ಇಪ್ಪತ್ತೊಂದು ವರ್ಷದಲ್ಲಿ ನಾನು ಕೊಟ್ಟಿದ್ದು ಒಂದನ್ನೂ ಓದಿಲ್ಲ."

"ಸರಿ. ಯಾಕೆ ಹೀಗೆ ಮಾಡ್ದೆ?"

ನಿಕನೋರ್ ಟೋಪಿಯ ಅಂಚನ್ನು ಬೆರಳಲ್ಲಿ ಸವರಿದ.

"ಆ ಗೋಡೆ ಮೇಲಿರೋ ತಲೆಗಳ್ನ ನೋಡಿದ್ರಾ? ಅದ್ರಲ್ಲಿ ನಾಲ್ಕೇ ನಾಲ್ಕು ಧಣಿ ಗುಂಡಿಗೆ ನೆಟ್ಟಗೆ ಸತ್ತಿದ್ದು. ಉಳಿದವಕ್ಕೆಲ್ಲಾ ಹೊಟ್ಟೆಗೋ ಕಾಲಿಗೋ ಹೊಡೆದು, ಜೀಪ್ ಹತ್ತಿ ಊಟಕ್ಕೆ ಹೋಗ್ತಾರೆ. ರಕ್ತ ನೋಡ್ಕೊಂಡು ಹಿಂದೆ ಹೋಗಿ ಮುಗಿಸಿ ಬರೋದು ನಾನು. ಈ ಏಪ್ರಿಲ್‌ನಲ್ಲಿ ಒಂದ್ರ ದವಡೆ ಹಾರಿಸಿದ್ರು. ಮೂರು ದಿನ ಹುಡುಕ್ದೆ. ನೀರಿನ ತೊಟ್ಟಿ ಹತ್ರ ನಿಂತಿತ್ತು. ಮೂತಿ ಅದ್ದುತ್ತೆ, ಕುಡಿಯೋಕಾಗಲ್ಲ. ನನ್ನ ಕಂಡ್ರೂ ಓಡ್ಲಿಲ್ಲಮ್ಮಾ."

"ಆಮೇಲೆ?"

"ಚಾಕು ಇತ್ತು. ಮಾರನೇ ದಿನ ಧಣಿ ಅದ್ರ ಪಕ್ಕ ಫೋಟೋ ತೆಗೆಸ್ಕೊಂಡ್ರು, ದವಡೆ ಕಾಣದ ಹಾಗೆ ತಿರುಗಿಸಿ. ಒಂದೇ ಗುಂಡು ಅಂದ್ರು ಸ್ನೇಹಿತರ್ಗೆ. ಆಫ್ರಿಕಾ ಮಾತು ಬಂದಾಗ ನಾನೇ ಕೇಳ್ದೆ, ಧಣಿ, ನನ್ನೂ ಕರ್ಕೊಂಡು ಹೋಗಿ, ಸಂಬಳ ಬೇಡ, ಅಂತ. ಊಟದ ಮೇಜಲ್ಲಿ ಎಲ್ರೂ ನಕ್ರು. 'ಇವ್ನನ್ನ ವಿಮಾನಕ್ಕೆ ಹತ್ತಿಸ್ಬೇಕಂದ್ರೆ ಪ್ರಾಣಿ ಸಾಗಿಸೋ ಪರ್ಮಿಟ್ ಮಾಡಿಸ್ಬೇಕು' ಅಂದ್ರು ಧಣಿ."

ಒಲ್ಮೆದೊನ ಪೆನ್ನು ನಿಂತಿತು.

"ಅದನ್ನೂ ಬರ್ಕೊ," ಎಂದಳು ಮಾನ್ಸಿಯಾ.

3:20ಕ್ಕೆ ನಿಕನೋರ್ ಕನ್ಯುಮಿಲ್‌ನನ್ನು ಬಂಧಿಸಲಾಯಿತು. ಕೈಕೋಳ ತೊಡಿಸಲಿಲ್ಲ. ಹೊರಡುವ ಮುಂಚೆ ಅವನು ಕುದುರೆಗಳಿಗೆ ನೀರು ತುಂಬಿಸಿಬರಲು ಅಪ್ಪಣೆ ಕೇಳಿದ. ಮಾನ್ಸಿಯಾ ಕಾದಳು. ಅಷ್ಟರಲ್ಲಿ ವಕೀಲನ ಫೋನ್ ಬಂತು. ರೈಫಲ್ ಸಿಕ್ಕಿದರೆ ಅದಕ್ಕೆ ಗೀರು ಬಿದ್ದಿದೆಯೇ ಎಂದು ಕೇಳಲು ಅವನ ಕಕ್ಷಿದಾರ ಹೇಳಿದ್ದನಂತೆ.

"ನಿಮ್ಮ ಕಕ್ಷಿದಾರ್ರೇ ಬಂದು ನೋಡ್ಲಿ."

"ಅವ್ರು ಈಗ ಆಕಾಶದಲ್ಲಿದಾರೆ ಮೇಡಂ."

ಜೀಪು ಡಾಂಬರು ರಸ್ತೆ ಸೇರಿತು. ಆಮೇಲೆ ನಿಕನೋರ್ ಮುಂದಕ್ಕೆ ಬಾಗಿದ.

"ಧಣಿ ಹೋಗ್ಲಿಲ್ಲ ತಾನೇ ಅಮ್ಮಾ?"

ಹೋಗಲಿಲ್ಲ ಎಂದುಬಿಡಬಹುದಿತ್ತು. ಮಾನ್ಸಿಯಾ ಹಾಗೆ ಹೇಳಲಿಲ್ಲ.

"ಇವತ್ತಿನ ವಿಮಾನಕ್ಕೆ ಹೋದ್ರು. ಅಲ್ಲಿ ರೈಫಲ್ ಬಾಡಿಗೆಗೆ ಸಿಗುತ್ತಂತೆ."

ನಿಕನೋರ್ ಹಿಂದಕ್ಕೆ ಒರಗಿದ. ಸ್ವಲ್ಪ ದೂರ ಹೋದ ಮೇಲೆ ಕೇಳಿದ: "ರಕ್ತದ ಹಿಂದೆ ಹೋಗೋಕೆ ಅಲ್ಲಿ ಯಾರಾದ್ರೂ ಇರ್ತಾರಾ?"

ಅವಳಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದೇ ಹೇಳಿದಳು.

ಜೂನ್ 14ರಂದು ವರದಿ ಸಿದ್ಧವಾಯಿತು. ಅಪರಾಧದ ಉದ್ದೇಶ ಎಂಬ ಕಾಲಮಿನಲ್ಲಿ ಒಲ್ಮೆದೊ ವಾಡಿಕೆಯಂತೆ 'ಲಾಭದ ಆಸೆ' ಎಂದು ಟೈಪ್ ಮಾಡಿದ್ದ. ಮಾನ್ಸಿಯಾ ಅದನ್ನು ಹೊಡೆದುಹಾಕಿ, ಪಕ್ಕದಲ್ಲಿ ಕೈಯಿಂದಲೇ ಬರೆದಳು: 'ಸರಿಯಾಗಿ ಕೊಲ್ಲಲು ಬಾರದವನ ಕೈಗೆ ರೈಫಲ್ ಕೊಡಲು ಆರೋಪಿಗೆ ಮನಸ್ಸು ಬರಲಿಲ್ಲ.'

ಮೇಲಧಿಕಾರಿ ಓದದೆ ಸಹಿ ಹಾಕಿದರು.